ರಾಜ ಸತ್ತರೆ ಮಾತ್ರ ದುರಂತವೇ?

ಮಾನ್ಯರೇ,

ಭಾನುವಾರ ನಮ್ಮ ರಂಗಮಂದಿರದಲ್ಲಿ ನಡೆದ, ಅಮೆರಿಕದ ನಾಟಕಕಾರ ಆರ್ಥರ್ ಮಿಲ್ಲರನ ‘ಡೆತ್ ಆಫ್ ಎ ಸೇಲ್ಸ್‌ಮನ್’ ಕನ್ನಡ ಪ್ರಯೋಗದ ವರದಿ ಓದಿ ಮೈ ಉರಿಯಿತು. ‘ರಾಜ ಇಲ್ಲ, ಯುದ್ಧ ಇಲ್ಲ, ಇದೆಂಥ ದುರಂತ ನಾಟಕ? ಮನೆಮನೆಯ ಅಪ್ಪ-ಮಕ್ಕಳ ಜಗಳ’ ಎಂದು ಉದ್ಘಾಟಕ ಅಧಿಕಾರಿಗಳು ಅಪ್ಪಣೆ ಕೊಡಿಸಿದ್ದನ್ನೇ ತಲೆಬರಹ ಮಾಡಿದ್ದೀರಿ. ಹಾಗೆಂದವರು ಶಾಲು, ಹಾರ, ಹಣ್ಣಿನ ಬುಟ್ಟಿ ಸಮೇತ ಹೊರಟೇಹೋದರು, ನಾಟಕ ನೋಡಲಿಲ್ಲ ಎಂಬುದನ್ನೂ ಒಂದು ಸಾಲು ಬರೆಯಬಹುದಿತ್ತು.

ಆರು ಗಂಟೆಯ ನಾಟಕಕ್ಕೆ ಐದೂವರೆಗೇ ಹೋಗಿ ಕೂತಿದ್ದೆ. ಸಾಹೇಬರು ಬಂದದ್ದು ಏಳೂಕಾಲಿಗೆ. ಭಾಷಣ ಮುಕ್ಕಾಲು ಗಂಟೆ. ಹತ್ತಕ್ಕೆ ಬಾಗಿಲು ಹಾಕಬೇಕಂತೆ, ಆ ನಿಯಮ ಮಾತ್ರ ಕಟ್ಟುನಿಟ್ಟು. ಕೊನೆಯ ದೃಶ್ಯ ಶುರುವಾಗುತ್ತಿದ್ದಂತೆ ಕಾವಲುಗಾರ ಕೀಲಿಗೊಂಚಲು ಝಣಝಣ ಆಡಿಸುತ್ತ ಬಾಗಿಲಲ್ಲಿ ನಿಂತ. ದೀಪ ಆರಿತು. ಕಡೇ ಬಸ್ಸೂ ಹೋಗಿತ್ತು. ಆಟೋದವನಿಗೆ 180 ರೂಪಾಯಿ ಕೊಟ್ಟೆ, ಒಳಚರಂಡಿಗೆಂದು ಅಗೆದ ರಸ್ತೆ ನೋಡಿ ಅವನು ಅರ್ಧ ದಾರಿಯಲ್ಲೇ ಇಳಿಸಿದ.

ದೀಪ ಆರಿಸಿದ್ದು ಯಾವ ದೃಶ್ಯದಲ್ಲಿ ಗೊತ್ತೇ? ನಾಟಕದ ಸೇಲ್ಸ್‌ಮನ್, 63ರ ವಿಲಿ ಲೋಮನ್, ವಿಮೆಯ 20,000 ಡಾಲರ್ ಮಗನಿಗೆ ಸಿಗಲಿ ಎಂದು ಕಾರಿನಲ್ಲಿ ಹೋಗಿ ಸಾಯುತ್ತಾನೆ. ಮನೆಸಾಲದ ಕೊನೆಯ ಕಂತು ಇವತ್ತೇ ಕಟ್ಟಿದೆ, ಇನ್ನು ಮನೆಯಲ್ಲಿ ಇರುವವರೇ ಇಲ್ಲ ಎಂದು ಹೆಂಡತಿ ಲಿಂಡಾ ಸಮಾಧಿಯ ಮುಂದೆ ಹೇಳುವ ದೃಶ್ಯ ಅದು! ಇದೇ ಲಿಂಡಾ ಮೊದಲ ಅಂಕದಲ್ಲಿ ತನ್ನ ಹರಿದ ಕಾಲುಚೀಲ ಹೊಲಿಯುತ್ತ ಕೂತಿರುತ್ತಾಳೆ, ಗಂಡ ಸಿಡುಕುತ್ತಾನೆ. ಹೊಸ ಕಾಲುಚೀಲ ಅವನು ಬೇರೊಬ್ಬಳಿಗೆ ಕೊಟ್ಟುಬಂದಿದ್ದಾನೆ. ಮನೆಮನೆಯ ಜಗಳವಂತೆ!

ರಾಜನೇ ಬೇಕೆನ್ನುವವರಿಗೆ ಮಿಲ್ಲರ್ 1949ರಲ್ಲೇ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಉತ್ತರ ಬರೆದಿದ್ದಾನೆ: ದೊರೆಗಳಷ್ಟೇ ಸಾಮಾನ್ಯನೂ ದುರಂತಕ್ಕೆ ತಕ್ಕವನು ಎಂದು. ಗ್ರೀಕ್ ದುರಂತದ ಈಡಿಪಸ್ ದೊರೆಯೇ ಸರಿ, ಆದರೆ ತಿಳಿಯದೆ ಅಪ್ಪನನ್ನು ಕೊಂದು ಅಮ್ಮನನ್ನು ಮದುವೆಯಾದ ಅವನ ಗೋಳೂ ಅಪ್ಪ-ಅಮ್ಮನದೇ ಅಲ್ಲವೇ? ಶತ್ರು ಶತ್ರುವನ್ನು ಕೊಂದರೆ ಮನ ಕರಗದು, ಕೇಡು ಅಣ್ಣತಮ್ಮ, ತಾಯಿಮಗ ಇಂಥವರ ನಡುವೆ ನಡೆಯಬೇಕು ಎಂದವನು ದುರಂತ ನಾಟಕದ ಲಕ್ಷಣ ಬರೆದ ಸಾಕ್ಷಾತ್ ಅರಿಸ್ಟಾಟಲ್. ವಿಲಿಗೆ ತನ್ನ ತಪ್ಪು ಕೊನೆಗೂ ತಿಳಿಯುವುದಿಲ್ಲ, ಆದ್ದರಿಂದ ದುರಂತವಲ್ಲ ಎನ್ನುವವರಿದ್ದಾರೆ. ಅದು ವಾದ, ಅಂಥವರ ಜೊತೆ ರಾತ್ರಿಯಿಡೀ ಜಗಳ ಕಾಯಬಹುದು. ಕಿರೀಟ ಕಾಣಲಿಲ್ಲ ಎನ್ನುವವರಿಗೆ ಏನು ಹೇಳೋಣ? ಗ್ರೀಕ್ ದುರಂತದ ವೀರ ಏಜಾಕ್ಸನನ್ನು ಕನ್ನಡ ನಾಟಕದಲ್ಲಿ ಮಹಾಭಾರತದ ಅಶ್ವತ್ಥಾಮನನ್ನಾಗಿ ಮಾಡಿದ ಬಿ.ಎಂ.ಶ್ರೀ. ಅವರ ನಾಡು ಇದು ಸ್ವಾಮಿ.

ಅಂದಹಾಗೆ ರಂಗಮಂದಿರದ ಫ್ಯಾನುಗಳ ಬಗ್ಗೆ ಎರಡು ವರ್ಷದ ಹಿಂದೆ ಕೊಟ್ಟ ಅರ್ಜಿಗೆ ‘ಪರಿಶೀಲನೆಯಲ್ಲಿದೆ’ ಎಂಬ ಹಿಂಬರಹ ಬಂದಿತ್ತು, ಈಗಲೂ ಅಲ್ಲೇ ಇದೆ. ಮೂರನೇ ಸಾಲಿನ ಕುರ್ಚಿಗೆ ಬೆನ್ನೇ ಇಲ್ಲ. ನನ್ನ ಪಿಂಚಣಿ ಕಡತ ಹನ್ನೊಂದು ತಿಂಗಳು ಮೇಜಿಂದ ಮೇಜಿಗೆ ಅಲೆದದ್ದೂ ಇಂಥವರ ಕಚೇರಿಯಲ್ಲೇ. ಅದೂ ಸಂಸಾರದ ಜಗಳವೇ ಇರಬೇಕು!

ಸಂಬಂಧಪಟ್ಟವರು ಕೂಡಲೇ ಸೂಕ್ತ ಕ್ರಮ ಕೈಗೊಳ್ಳಬೇಕು. ಉದ್ಘಾಟನಾ ಭಾಷಣ ನಿಲ್ಲಿಸಬೇಕು, ಇಲ್ಲವೇ ಭಾಷಣ ಮಾಡಿದವರನ್ನು ಬಾಗಿಲು ಹಾಕಿ ಕಡೇ ದೃಶ್ಯದವರೆಗೆ ಕೂರಿಸಬೇಕು. ಬೆನ್ನಿಲ್ಲದ ಆ ಕುರ್ಚಿಯಲ್ಲೇ.

– ಹಳೆಯ ಪ್ರೇಕ್ಷಕ, ಕೋಟೆ ಬೀದಿ