ಆ ಸಾರಿನ ಹೆಸರು ಗಿಡಕ್ಕೆ ಹೇಗೆ ಬಂತು?

ಪ್ರೀತಿಯ ಗೆಳೆಯಾ,

ನೀನಿರುವ ಪೋಲೆಂಡಿನ ಹೊಳೆದಂಡೆಯಲ್ಲಿ ‘ಈ ಗಿಡ ಮುಟ್ಟಬೇಡಿ’ ಅಂತ ಹಾಕಿರುವ ಫಲಕದಲ್ಲಿ ‘ಬರ್ಶ್ಚ್’ ಅಂತಿದೆ, ಬೀಟ್‌ರೂಟ್ ಸಾರಿನ ಹೆಸರು ಗಿಡಕ್ಕೆ ಯಾಕಿಟ್ಟರು ಎಂದು ಕೇಳಿದ್ದೆಯಲ್ಲ. ಗಿಡದ ಹೆಸರೇ ಮೊದಲಿನದು ಕಣೋ, ಸಾರಿಗೆ ಅದು ಆಮೇಲೆ ಬಂತು.

ಪೋಲೆಂಡಿನ ಬರ್ಶ್ಚ್, ಉಕ್ರೇನಿನ ಬೋರ್ಶ್ಚ್ ಎರಡೂ ಒಂದೇ ಮೂಲದವು. ಹಳೆಯ ಸ್ಲಾವಿಕ್ ಮಾತಿನಲ್ಲಿ ಅದು ತೇವದ ಹುಲ್ಲುಗಾವಲಲ್ಲಿ ಬೆಳೆಯುವ, ಕೊತ್ತಂಬರಿ ವಂಶದ ಒಂದು ಕಾಡುಗಿಡ. ಅದರ ಎಳೆ ಕಾಂಡ, ಎಲೆಗಳನ್ನು ನೀರಲ್ಲಿ ಹಾಕಿ ಬೆಚ್ಚಗಿನ ಜಾಗದಲ್ಲಿಟ್ಟು, ಹುಳಿ ಬಂದ ಮೇಲೆ ಸಾರು ಕಾಯಿಸುತ್ತಿದ್ದರು. ನೀನು ನೋಡಿದ್ದು ಅದೇ ಕುಲದ ಇನ್ನೊಂದು ಗಿಡ. ಸೋವಿಯತ್ ಕಾಲದಲ್ಲಿ ದನದ ಮೇವಿಗೆಂದು ಕಾಕಸಸ್‌ನಿಂದ ತಂದು ಬೆಳೆಸಿದ್ದು. ಅದರ ರಸ ತಾಗಿದ ಚರ್ಮಕ್ಕೆ ಬಿಸಿಲು ಬಿದ್ದರೆ ಬೊಬ್ಬೆ ಏಳುತ್ತದೆ. ದಯವಿಟ್ಟು ಹತ್ತಿರ ಹೋಗಬೇಡ.

1584ರಲ್ಲಿ ಮಾರ್ಟಿನ್ ಗ್ರೂನೆವೆಗ್ ಎಂಬ, ಪೋಲೆಂಡಿನ ಗ್ದಾನ್ಸ್ಕ್ ಊರಿನವನು ಕೀವ್‌ಗೆ ಹೋಗಿದ್ದ. ಹತ್ತಿರದ ಬೋರ್ಶ್ಚಹಿವ್ಕಾ ಹೊಳೆಗೆ ಆ ಹೆಸರು ಬಂದದ್ದು ಅಲ್ಲಿ ನಡೆಯುತ್ತಿದ್ದ ಬೋರ್ಶ್ಚ್ ಸಂತೆಯಿಂದ ಎಂದು ಯಾರೋ ಹೇಳಿದರೆ ಅವನು ಒಪ್ಪಲಿಲ್ಲ. ಇಲ್ಲಿಯವರು ಅದನ್ನು ಕೊಳ್ಳುವುದೇ ಅಪರೂಪ, ಮನೆಮನೆಯಲ್ಲೂ ಮಾಡಿಕೊಳ್ಳುತ್ತಾರೆ, ಅವರ ದಿನನಿತ್ಯದ ಊಟವೂ ಪಾನವೂ ಅದೇ ಎಂದು ಬರೆದಿಟ್ಟ. ಈ ಒಂದು ಮಾತು ನನಗೆ ಬಹಳ ಇಷ್ಟ. ಅರಮನೆಯ ಅಡುಗೆಯಾಗಿದ್ದರೆ ಹೆಸರು ಇಷ್ಟು ಗಟ್ಟಿಯಾಗಿ ಉಳಿಯುತ್ತಿರಲಿಲ್ಲ ಅನ್ನಿಸುತ್ತದೆ.

ಮುಂದೆ ಕಾಡುಗಿಡದ ಜಾಗಕ್ಕೆ ಹಿತ್ತಲಿನ ಬೀಟ್‌ರೂಟ್ ಬಂತು. ಆಲೂಗಡ್ಡೆ, ಟೊಮ್ಯಾಟೊ ಇನ್ನೂ ತಡವಾಗಿ ಸೇರಿದವು. ಗಿಡ ಹೋಯಿತು, ಹುಳಿ ಹೋಗಲಿಲ್ಲ. ಹೆಸರು ಉಳಿದದ್ದು ಆ ಹುಳಿಯಿಂದಲೇ ಎಂದು ನನ್ನ ನಂಬಿಕೆ. ನಮ್ಮಲ್ಲೂ ತರಕಾರಿ ಯಾವುದೇ ಇರಲಿ, ಹುಳಿ ಹುಳಿಯೇ ಅಲ್ಲವೇ? ಬೀಟ್‌ರೂಟ್ ಹೋಳುಗಳನ್ನು ಉಪ್ಪುನೀರಲ್ಲಿ ಮುಳುಗಿಸಿ ಕೆಲವು ದಿನ ಬಿಟ್ಟರೆ ಮೇಲೆ ನೊರೆ ಬರುತ್ತದೆ, ನೀರು ಕಡುಗೆಂಪಾಗಿ ಹುಳಿಯಾಗುತ್ತದೆ. ಆ ಹುಳಿಯೇ ಸಾರಿನ ಕೆಂಪನ್ನೂ ಕಾಪಾಡುವುದು. ಅದಿಲ್ಲದೆ ಕುದಿಸಿದರೆ ಬಣ್ಣ ಕಂದಿಹೋಗುತ್ತದೆ.

2022ರ ಜುಲೈ 1ರಂದು, ಯುದ್ಧದ ನಡುವೆ, ಯುನೆಸ್ಕೋ ಉಕ್ರೇನಿನ ಬೋರ್ಶ್ಚ್ ಅಡುಗೆಯನ್ನು ತುರ್ತಾಗಿ ಉಳಿಸಿಕೊಳ್ಳಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಊರು ಬಿಟ್ಟು ಹೋದವರು ಒಲೆಯನ್ನೂ ಹಿತ್ತಲನ್ನೂ ಬಿಟ್ಟೇ ಹೋಗಿರುತ್ತಾರಲ್ಲ.

ನೀನಿರುವಲ್ಲಿ ಹುಳಿ ಬರಿಸಿದ ಬೀಟ್‌ರೂಟ್ ರಸ ಅಂಗಡಿಯಲ್ಲೇ ಸಿಗುತ್ತದೆ, ‘ಜಾಕ್ವಾಸ್’ ಅಂತ ಕೇಳು. ಕ್ರಿಸ್ಮಸ್ ಹಿಂದಿನ ರಾತ್ರಿ ಯಾರಾದರೂ ಊಟಕ್ಕೆ ಕರೆದರೆ ತಪ್ಪಿಸಬೇಡ. ಅಣಬೆ ತುಂಬಿದ ಪುಟ್ಟ ಕಡುಬು ಹಾಕಿ ತಿಳಿ ಬರ್ಶ್ಚ್ ಬಡಿಸುತ್ತಾರೆ. ಹುಳಿ ಹೇಗಿತ್ತು ಅಂತ ಬರೆ.

ನಿನ್ನ ಗೆಳೆಯ