ಕೆನ್ನಿಂಗ್ಟನ್‌ಗೆ ಹೊರಟ ಮಗನಿಗೆ

ಚಿ. ಸುಹಾಸನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಲಂಡನ್ನಿನ ಕೆನ್ನಿಂಗ್ಟನ್‌ನಲ್ಲಿ ನಿನಗೆ ಬಾಡಿಗೆ ಮನೆ ಸಿಕ್ಕಿತೆಂದು ನಿಮ್ಮಪ್ಪ ಫೋನಿನಲ್ಲಿ ಹೇಳಿದ. ತುಂಬಾ ಖುಷಿಯಾಯಿತು. ಆಫೀಸು, ರೂಮು ಇಷ್ಟರಲ್ಲೇ ದಿನ ಕಳೆದುಬಿಡಬೇಡ ಮಾರಾಯ, ನೀನಿರುವ ನೆಲದ ಕಥೆ ತಿಳಿದುಕೋ.

ಅದು ಹಿಂದೆ ಒಂದು ಮ್ಯಾನರ್, ನಮ್ಮಲ್ಲಿನ ಜಹಗೀರಿನಂತೆ. 1337ರಲ್ಲಿ ಇಂಗ್ಲೆಂಡಿನ ದೊರೆ ಮೂರನೇ ಎಡ್ವರ್ಡ್ ಅದನ್ನು ಬ್ಲ್ಯಾಕ್ ಪ್ರಿನ್ಸ್ ಎಂದು ಹೆಸರಾದ ತನ್ನ ಮಗನಿಗೆ ಕೊಟ್ಟ. ಅವನು ಕಟ್ಟಿಸಿದ ಅರಮನೆಯನ್ನು ಎಂಟನೇ ಹೆನ್ರಿ 1531ರಲ್ಲಿ ಕೆಡವಿಸಿದ. ಅರಮನೆ ಹೋದರೂ ಒಡೆತನ ಹೋಗಲಿಲ್ಲ. ಅಲ್ಲಿ ಇಂದಿಗೂ ಡಚಿ ಆಫ್ ಕಾರ್ನ್‌ವಾಲ್‌ಗೆ, ಅಂದರೆ ಯುವರಾಜನ ಜಹಗೀರಿಗೆ, ಸೇರಿದ ಆಸ್ತಿಯಿದೆ. ಓವಲ್ ಮೈದಾನ ಎದ್ದದ್ದೂ ಡಚಿಯ ನೆಲದಲ್ಲೇ, 1845ರಲ್ಲಿ, ತರಕಾರಿ ಬೆಳೆಯುತ್ತಿದ್ದ ತೋಟದಲ್ಲಿ. 1971ರಲ್ಲಿ ನಮ್ಮ ಚಂದ್ರಶೇಖರ್ 38 ರನ್ನಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡನ್ನು 101ಕ್ಕೆ ಉರುಳಿಸಿದ್ದು ಅಲ್ಲಿಯೇ! ಒಂದು ಮ್ಯಾಚಾದರೂ ನೋಡು.

ಆದರೆ ಅದಕ್ಕೂ ಮೊದಲು ಕೆನ್ನಿಂಗ್ಟನ್ ಪಾರ್ಕಿಗೆ ಹೋಗು. ಹಿಂದೆ ಅದು ಬೇಲಿಯಿಲ್ಲದ ಬಯಲು, ಊರವರ ದನ ಮೇಯುತ್ತಿದ್ದ ಜಾಗ. 1848ರ ಏಪ್ರಿಲ್ 10ರಂದು ಗಂಡಸರಿಗೆಲ್ಲ ವೋಟು ಬೇಕೆಂದು ಚಾರ್ಟಿಸ್ಟರೆಂಬ ಚಳವಳಿಗಾರರು ಅಲ್ಲಿ ಸೇರಿದರು. ಬಹುಪಾಲು ದುಡಿಯುವ ಜನ. ಮನವಿಪತ್ರ ಹಿಡಿದು ಪಾರ್ಲಿಮೆಂಟಿಗೆ ಹೊರಡಬೇಕಿದ್ದ ಮೆರವಣಿಗೆಯ ಏರ್ಪಾಟು ಮಾಡಿದವರಲ್ಲಿ ಮುಖ್ಯನಾದವನು ವಿಲಿಯಂ ಕಫೆ ಎಂಬ ದರ್ಜಿ, ಕೆರಿಬಿಯನ್ ದ್ವೀಪದಲ್ಲಿ ಗುಲಾಮನಾಗಿದ್ದವನ ಮಗ. ಸರ್ಕಾರ ಎಷ್ಟು ಹೆದರಿತೆಂದರೆ ರಾಣಿಯನ್ನು ಲಂಡನ್ನಿನಿಂದ ಹೊರಗೆ ಕಳಿಸಿ, ನಗರದ ಕಾವಲನ್ನು ವೆಲ್ಲಿಂಗ್ಟನ್‌ಗೆ ವಹಿಸಿತು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಶ್ರೀರಂಗಪಟ್ಟಣದ ಆಡಳಿತ ಹಿಡಿದನಲ್ಲ ಆರ್ಥರ್ ವೆಲ್ಲೆಸ್ಲಿ, ಅವನೇ ಇವನು. ಮೆರವಣಿಗೆ ಥೇಮ್ಸ್ ನದಿಯ ಸೇತುವೆ ದಾಟಲು ಬಿಡಲಿಲ್ಲ. ಮನವಿಪತ್ರವನ್ನಷ್ಟೇ ಗಾಡಿಯಲ್ಲಿ ಪಾರ್ಲಿಮೆಂಟಿಗೆ ಒಯ್ದರು. ಕೆಲವೇ ತಿಂಗಳಲ್ಲಿ ಕಫೆಯನ್ನು ಬಂಧಿಸಿ ಟಾಸ್ಮೇನಿಯಾಕ್ಕೆ ಗಡೀಪಾರು ಮಾಡಿದರು, ಅವನು ತೀರಿಕೊಂಡದ್ದೂ ಅಲ್ಲೇ. ಆ ಬಯಲಿಗೂ ಬೇಲಿ ಬಿತ್ತು, 1854ರಲ್ಲಿ ಅದು ಪಾರ್ಕಾಯಿತು. ಮರ, ಹೂವು ಚೆನ್ನಾಗಿಯೇ ಇವೆ. ಆದರೂ ಜನ ಸೇರುತ್ತಿದ್ದ ಬಯಲನ್ನು ಹಾಗೆ ಕಟ್ಟಿಹಾಕಿದರಲ್ಲ ಎಂದು ನನಗೆ ಈಗಲೂ ಸಂಕಟವಾಗುತ್ತದೆ.

ಇಷ್ಟೆಲ್ಲ ಬರೆದದ್ದು ಯಾಕೆ ಗೊತ್ತೇ? ಭಾರತ ಕಾಮನ್‌ವೆಲ್ತ್ ದೇಶ, ಹಾಗಾಗಿ ವೀಸಾ ಮೇಲೆ ಅಲ್ಲಿ ನೆಲೆಸಿರುವ ನಿನಗೂ ಮತದಾನದ ಹಕ್ಕಿದೆ, ಪಾರ್ಲಿಮೆಂಟ್ ಚುನಾವಣೆಗೂ ಸೇರಿ. ನಮ್ಮ ಹುಡುಗರು ಎಷ್ಟೋ ಜನ ಇದನ್ನು ತಿಳಿಯದೆ ವರ್ಷಗಟ್ಟಲೆ ಸುಮ್ಮನಿರುತ್ತಾರೆ. ನೀನು ಹಾಗೆ ಮಾಡಬೇಡ. ಅಲ್ಲಿ ದುಡಿಯುವವರಿಗೆ ಕೊಡುವ ನ್ಯಾಷನಲ್ ಇನ್ಶೂರೆನ್ಸ್ ನಂಬರ್ ಬಂದ ಕೂಡಲೇ ಆನ್‌ಲೈನಿನಲ್ಲಿ ಮತದಾರರ ಪಟ್ಟಿಗೆ ಹೆಸರು ನೋಂದಾಯಿಸಿ ನನಗೊಂದು ಮೆಸೇಜು ಹಾಕು.

ಇಂತಿ ನಿನ್ನ ಪ್ರೀತಿಯ
ದೊಡ್ಡಪ್ಪ