170 ವೋಲ್ಟ್ ಹೋದರೆ 170 ವೋಲ್ಟೇ ಬರುತ್ತದೆ: ಪವರ್ ಕಂಡಿಷನರ್ ಬಗ್ಗೆ ದೂರು

ಇವರಿಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ವಿಷಯ: ಏಪ್ರಿಲ್‌ನಲ್ಲಿ ಕೊಂಡ ಪವರ್ ಕಂಡಿಷನರ್ ವಾಪಸ್ ತೆಗೆದುಕೊಳ್ಳುವ ಬಗ್ಗೆ, ಮೂರನೇ ಪತ್ರ

ಮಾನ್ಯರೇ,

ನಮ್ಮದು ತೀರ್ಥಹಳ್ಳಿಯಿಂದ ಒಳಗಿನ ಹಳ್ಳಿ, ಕರೆಂಟ್ ಲೈನಿನಲ್ಲಿ ಕಟ್ಟಕಡೆಯ ಮನೆ. ಬೇಸಿಗೆಯಲ್ಲಿ ಅಡಿಕೆ ತೋಟದ ಪಂಪುಗಳು ಶುರುವಾದರೆ 230 ಇರಬೇಕಾದ ವೋಲ್ಟೇಜ್ 170ಕ್ಕೆ ಇಳಿಯುತ್ತದೆ. ಫ್ಯಾನು ಯೋಚನೆ ಮಾಡಿ ಮಾಡಿ ತಿರುಗುತ್ತದೆ. ಹಾಡು ಕೇಳುವ ಆಂಪ್ಲಿಫೈಯರ್ ಟಕ್ ಅಂತ ಆಫ್ ಆಗುತ್ತದೆ. ಶರಾವತಿ ಕರೆಂಟು ಹುಟ್ಟುವ ಜಿಲ್ಲೆಯಲ್ಲಿ ನಮ್ಮ ಪಾಡು ಇದು, ಇರಲಿ.

ಇದನ್ನೆಲ್ಲ ಫೋನಿನಲ್ಲಿ ನಿಮ್ಮ ಸೇಲ್ಸ್ ಹುಡುಗನಿಗೆ ಬಿಡಿಸಿ ಹೇಳಿದ್ದೆ. "ಇದನ್ನು ಹಾಕಿ ಸಾರ್, ವೋಲ್ಟೇಜ್ ಎಲ್ಲ ಅದೇ ನೋಡ್ಕೊಳ್ಳುತ್ತೆ" ಅಂದ. ನಂಬಿ 18,500 ರೂಪಾಯಿ ಕೊಟ್ಟೆ.

ಬಂದ ದಿನವೇ ಸಂಜೆ ಮಲ್ಟಿಮೀಟರ್ ಇಟ್ಟು ನೋಡಿದೆ. ಒಳಗೆ ಹೋಗುವುದು 172, ಹೊರಗೆ ಬರುವುದೂ 172. ಆಂಪ್ಲಿಫೈಯರ್ ಮತ್ತೆ ಟಕ್.

ಆಮೇಲೆ ನಾನೇ ಕೂತು ಕೈಪಿಡಿ ಓದಿದೆ. ಒಳಗಿರುವುದು ಕಾಯಿಲ್, ಕೆಪಾಸಿಟರ್‌ಗಳ ಫಿಲ್ಟರ್ ಮತ್ತು ಸರ್ಜ್, ಅಂದರೆ ಒಮ್ಮೆಲೇ ನುಗ್ಗುವ ಹೆಚ್ಚಿನ ವೋಲ್ಟೇಜ್, ತಡೆಯುವ ಎಂಒವಿ ಅನ್ನುವ ಬಿಡಿಭಾಗ. ಎಲ್‌ಇಡಿ ಬಲ್ಬು, ಇನ್ವರ್ಟರ್ ಇವೆಲ್ಲ ಲೈನಿಗೆ ಬಿಡುವ ಗಲಾಟೆಯನ್ನು ಫಿಲ್ಟರ್ ಸೋಸುತ್ತದೆ. ಗುಡುಗು ಸಿಡಿಲಿನ ಊರಿನಲ್ಲಿ ಎಂಒವಿಯೂ ಬೇಕೇ. ಆದರೆ ಕಡಿಮೆ ವೋಲ್ಟೇಜನ್ನು ಇವೆರಡೂ ಒಂದು ವೋಲ್ಟೂ ಏರಿಸುವುದಿಲ್ಲ. ಅದಕ್ಕೆ ಸ್ಟೆಬಿಲೈಸರ್ ಬೇಕು. ರಿಲೇ, ಅಂದರೆ ತಾನೇ ಬದಲಾಗುವ ಸ್ವಿಚ್ಚು, ಇರುವಂಥದ್ದು ಹಾಡಿನ ಮಧ್ಯೆ ಟಿಕ್ ಟಿಕ್ ಅನ್ನುತ್ತದೆ, ಹಾಗಾಗಿ ಮೋಟಾರ್ ತಿರುಗಿಸಿ ವೋಲ್ಟೇಜ್ ಹೊಂದಿಸುವ ಸರ್ವೋ ಆದರೆ ಒಳ್ಳೆಯದು. ನಿಮ್ಮಲ್ಲೂ ಸರ್ವೋ ಇದೆ. ನಾನು ಕೇಳಿದ್ದಕ್ಕೆ ಅದನ್ನೇ ತೋರಿಸಬೇಕಿತ್ತು ಅಲ್ವಾ? ಸೋಸುವ ಜರಡಿ ಕೊಟ್ಟು ನೀರೆತ್ತು ಅಂದ ಹಾಗಾಯಿತು.

ಮೊದಲ ಪತ್ರಕ್ಕೆ ನೀವು ಉತ್ತರವನ್ನೇ ಕೊಡಲಿಲ್ಲ. ಎರಡನೆಯದಕ್ಕೆ, ಜೂನ್ ಕೊನೆಯಲ್ಲಿ, "ನಿಮ್ಮ ಮನೆ ಅರ್ತಿಂಗ್ ಸರಿಯಿಲ್ಲ" ಅಂತ ಬರೆದಿರಿ. ನಾನು ಸ್ಪೀಕರಿನಲ್ಲಿ ಗುಂಯ್ ಅನ್ನುವ ಹಮ್ ಬರುತ್ತದೆ ಅಂತ ದೂರಿದ್ದರೆ ಆ ಮಾತಿಗೆ ಅರ್ಥ ಇತ್ತು. ಅರ್ತಿಂಗಿಗೂ 172ಕ್ಕೂ ಏನು ಸಂಬಂಧ? ಆದರೂ ಎಲೆಕ್ಟ್ರೀಷಿಯನ್ ಕರೆಸಿದೆ. ನ್ಯೂಟ್ರಲ್‌ಗೂ ಅರ್ತ್‌ಗೂ ನಡುವೆ ಎರಡು ವೋಲ್ಟೂ ಇಲ್ಲ, ಅಂದರೆ ಅರ್ತಿಂಗ್ ಸರಿಯಾಗಿಯೇ ಇದೆ. ನೆಲ ಒದ್ದೆಯಾದಷ್ಟೂ ಅರ್ತಿಂಗ್ ಚೆನ್ನಾಗಿರುತ್ತದೆ. ಇಲ್ಲಿ ಹದಿನೈದು ದಿನದಿಂದ ಮಳೆ ಬಿಟ್ಟಿಲ್ಲ. ಅರ್ತ್ ಗುಂಡಿಯಲ್ಲಿ ಕಪ್ಪೆ ಕೂಗುತ್ತಿದೆ.

ಪೂರ್ತಿ ಹಣ ವಾಪಸ್ ಕೊಡಿ. ಇಲ್ಲವೇ 1 ಕೆವಿಎ ಸರ್ವೋ ಸ್ಟೆಬಿಲೈಸರ್ ಕಳಿಸಿ. ಬೆಲೆ ಜಾಸ್ತಿಯಿದ್ದರೆ ವ್ಯತ್ಯಾಸ ನಾನು ಕೊಡುತ್ತೇನೆ. ಕಳಿಸುವ, ತರಿಸುವ ಖರ್ಚು ಮಾತ್ರ ನಿಮ್ಮದು. ಹದಿನೈದು ದಿನದಲ್ಲಿ ಉತ್ತರ ಬರದಿದ್ದರೆ ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 2019ರ ಕಾಯ್ದೆ ಪ್ರಕಾರ ಕೊಂಡವನು ಇರುವ ಊರಿನಲ್ಲೇ ದೂರು ಕೊಡಬಹುದು. ಬಿಲ್ಲು, ಮೀಟರಿನ ಫೋಟೋ ಜೊತೆಗಿಟ್ಟಿದ್ದೇನೆ.

ಪೆಟ್ಟಿಗೆ ಕಟ್ಟಿ ಅಟ್ಟದ ಮೇಲೆ ಇಟ್ಟಿದ್ದೇನೆ, ಕೆಳಗೆ ಇಟ್ಟರೆ ಬೂಷ್ಟು ಹಿಡಿಯುತ್ತದೆ. ಕೊರಿಯರ್‌ನವರು ಬರುವ ಮೊದಲು ಫೋನ್ ಮಾಡಲಿ. ಹಳ್ಳ ತುಂಬಿದ ದಿನ ನಮ್ಮ ದಾರಿಯಲ್ಲಿ ಗಾಡಿ ಬರುವುದಿಲ್ಲ.

ಇಂತಿ,
ನಿಮ್ಮ ಗ್ರಾಹಕ